ಹದಿಮೂರು ಡಿಗ್ರಿಯ ಆಕಾಶ: ಕರಾವಳಿಯಲ್ಲಿ ನಕ್ಷತ್ರ ನೋಡಲು ಕಲಿಯುವುದು

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ, ಆಕಾಶ ನೋಡುವ ಆಸೆ ಹುಟ್ಟಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ದೂರದರ್ಶಕ ಕೊಳ್ಳಲಿ? ಸದ್ಯಕ್ಕೆ ಯಾವುದೂ ಬೇಡ ಎಂಬುದೇ ನನ್ನ ಉತ್ತರ. ನಾವು ನಿಂತ ನೆಲದಿಂದ ಆಕಾಶ ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಅಂತರ್ಜಾಲದಲ್ಲಿ ಸಿಗುವ ಮಾರ್ಗದರ್ಶಿಗಳಲ್ಲಿ ಬಹುಪಾಲು ಇಂಗ್ಲೆಂಡ್, ಅಮೆರಿಕದಂಥ ಉತ್ತರದ ದೇಶಗಳವರಿಗಾಗಿ ಬರೆದವು. ಅವು ಹೇಳುವ ಋತು ಬೇರೆ, ತೋರಿಸುವ ನಕ್ಷತ್ರಗಳು ಬೇರೆ, ಚಂದ್ರನ ಬಿದಿಗೆಯ ಕೊಂಬು ವಾಲುವ ರೀತಿಯೂ ಬೇರೆ. ಅವನ್ನೇ ನಂಬಿ ಸುರತ್ಕಲ್ಲಿನ ಕಡಲ ತೀರದಲ್ಲೋ ಮಣಿಪಾಲದ ತಾರಸಿಯ ಮೇಲೋ ನಿಂತವರು, ಹೇಳಿದ್ದು ಹೇಳಿದ ಕಡೆ ಕಾಣದೆ, ಈ ಹವ್ಯಾಸ ತಮಗಲ್ಲ ಎಂದು ಕೈಬಿಡುತ್ತಾರೆ. ಹಾಗಾಗಬಾರದು. ಕರಾವಳಿಯ ಆಕಾಶಕ್ಕೆ ತನ್ನದೇ ಲೆಕ್ಕವಿದೆ, ಅದು ಕಷ್ಟದ ಲೆಕ್ಕವೂ ಅಲ್ಲ.

ಆ ಲೆಕ್ಕ ಅಕ್ಷಾಂಶದಿಂದ ಶುರುವಾಗುತ್ತದೆ. ಮಂಗಳೂರು ಭೂಮಧ್ಯರೇಖೆಯಿಂದ 12.9 ಡಿಗ್ರಿ ಉತ್ತರಕ್ಕಿದೆ, ಉಡುಪಿ 13.3 ಡಿಗ್ರಿ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆಯೋ ಅದು ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶವೇ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ ಆಗುತ್ತದೆ. ಹಾಗಾಗಿ ಉತ್ತರಕ್ಕೆ ಮುಖಮಾಡಿ, ದಿಗಂತದ ಮೇಲೆ ಒಂದು ಮುಷ್ಟಿ ಇಟ್ಟು, ಅದರ ಮೇಲೆ ಒಂದೆರಡು ಬೆರಳಿನಷ್ಟು ಸರಿದರೆ ಧ್ರುವ ಅಲ್ಲೇ ಎಲ್ಲೋ ಇರಬೇಕು. ತೆಂಗಿನ ತೋಟವಿರುವ ಮನೆಯಂಗಳದಲ್ಲಿ ಅದು ಗರಿಗಳ ಮರೆಗೆ ಬೀಳುತ್ತದೆ. ತೆರೆದ ಜಾಗದಲ್ಲಿಯೂ ದಿಗಂತದ ತೇವದ ಪದರದಲ್ಲಿ ಮಂಕಾಗಿ ಕಾಣುತ್ತದೆ. ಉತ್ತರದ ದೇಶಗಳವರಿಗೆ ಎಲ್ಲಕ್ಕೂ ಆಧಾರವಾದ ನಕ್ಷತ್ರ ನಮಗೆ ಅಷ್ಟು ಉಪಯೋಗಕ್ಕೆ ಬಾರದು.

ಆದರೆ ಧ್ರುವ ಕೆಳಗಿಳಿದಷ್ಟೂ ದಕ್ಷಿಣದ ಆಕಾಶ ಮೇಲೇಳುತ್ತದೆ. ಆಕಾಶದಲ್ಲಿಯೂ ಭೂಮಿಯ ಮೇಲಿನಂತೆ ಒಂದು ಮಧ್ಯರೇಖೆಯನ್ನು ಕಲ್ಪಿಸಿಕೊಂಡು, ಪ್ರತಿ ನಕ್ಷತ್ರವೂ ಅದರಿಂದ ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದೆ ಎಂದು ಗುರುತಿಸಿದ್ದಾರೆ. ದಕ್ಷಿಣದ ನಕ್ಷತ್ರವೊಂದು ನಮ್ಮಲ್ಲಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ತಿಳಿಯಲು 90ರಿಂದ ನಮ್ಮ 13ನ್ನೂ ಆ ನಕ್ಷತ್ರದ ಡಿಗ್ರಿಯನ್ನೂ ಕಳೆದರೆ ಸಾಕು. ಅಗಸ್ತ್ಯ ನಕ್ಷತ್ರ ಸುಮಾರು 53 ಡಿಗ್ರಿ ದಕ್ಷಿಣಕ್ಕಿದೆ, ಅಂದರೆ ನಮ್ಮಲ್ಲಿ 24 ಡಿಗ್ರಿ ಎತ್ತರ. ರಾತ್ರಿಯ ಆಕಾಶದ ಎರಡನೆಯ ಅತಿ ಪ್ರಕಾಶಮಾನ ನಕ್ಷತ್ರವಾದ ಇದು ಲಂಡನ್ನಿನಲ್ಲಿ ಎಂದೂ ಉದಯಿಸುವುದಿಲ್ಲ, ದೆಹಲಿಯಲ್ಲಿ ದಿಗಂತಕ್ಕೆ ಅಂಟಿಕೊಂಡಂತೆ ಹೊರಟುಹೋಗುತ್ತದೆ. ತ್ರಿಶಂಕು ಎಂದು ಕರೆಯುವ ದಕ್ಷಿಣದ ಶಿಲುಬೆಯಾಕಾರದ ಪುಂಜ ನಮ್ಮಲ್ಲಿ 17 ಡಿಗ್ರಿಯಷ್ಟು ಏರುತ್ತದೆ. ಮೇ ತಿಂಗಳ ನಡುವಿನಲ್ಲಿ, ಮಳೆಮೋಡ ಅಡ್ಡ ಬರದಿದ್ದರೆ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಅದು ನೇರ ದಕ್ಷಿಣದಲ್ಲಿ ನಿಂತಿರುತ್ತದೆ. ಅದರ ಎಡಗಡೆಗೆ ಕಾಣುವ ಎರಡು ಹೊಳೆವ ನಕ್ಷತ್ರಗಳಲ್ಲಿ ದೂರದ್ದು ಆಲ್ಫಾ ಸೆಂಟಾರಿ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ವ್ಯವಸ್ಥೆ. ತಲೆ ತಿರುಗಿಸಿದರೆ ಉತ್ತರದಲ್ಲಿ ಸಪ್ತರ್ಷಿ ಮಂಡಲ. ಸಪ್ತರ್ಷಿಗಳನ್ನೂ ತ್ರಿಶಂಕುವನ್ನೂ ಒಂದೇ ಹೊತ್ತಿಗೆ ನೋಡಬಲ್ಲ ಭಾಗ್ಯ ಯುರೋಪಿನವರಿಗಿಲ್ಲ.

ಗ್ರಹಗಳ ವಿಷಯದಲ್ಲಿ ನಮ್ಮ ಅದೃಷ್ಟ ಇನ್ನೂ ದೊಡ್ಡದು. ಸೂರ್ಯ, ಚಂದ್ರ, ಗ್ರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾದಿಯಲ್ಲಿ ಸಾಗುತ್ತವೆ, ಆ ಹಾದಿ ನಮ್ಮ ನೆತ್ತಿಯ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಶನಿಯೋ ಗುರುವೋ ತನ್ನ ಅತಿ ದಕ್ಷಿಣದ ನೆಲೆಯಲ್ಲಿದ್ದಾಗಲೂ ನಮ್ಮಲ್ಲಿ 50 ಡಿಗ್ರಿಗಿಂತ ಮೇಲೇರುತ್ತದೆ. ಆಗ ಲಂಡನ್ನಿನ ವೀಕ್ಷಕರು ಅದನ್ನು 15 ಡಿಗ್ರಿಯಲ್ಲಿ, ವಾತಾವರಣದ ದಪ್ಪ ಪದರದ ಮೂಲಕ ನೋಡಬೇಕು.

ಇನ್ನು ಋತು. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಕರಾವಳಿಯ ಆಕಾಶ ತೆರೆಯುತ್ತದೆ, ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಮುಚ್ಚುತ್ತದೆ. ಡಿಸೆಂಬರಿನಿಂದ ಫೆಬ್ರವರಿ ಅತ್ಯುತ್ತಮ ಕಾಲ. ಮಾರ್ಚ್ ನಂತರ ಸೆಕೆಯೊಂದಿಗೆ ಆಕಾಶ ಮಂಕಾದರೂ ಒಳ್ಳೆಯ ರಾತ್ರಿಗಳು ಸಿಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸೆ ಇಟ್ಟುಕೊಳ್ಳುವುದು ಬೇಡ. ಪ್ರತಿ ಆಗಸ್ಟ್‌ನಲ್ಲಿ ಪರ್ಸೀಡ್ ಉಲ್ಕಾವೃಷ್ಟಿಯ ಸುದ್ದಿ ಮೊಬೈಲ್ ತುಂಬ ಹರಿದಾಡುತ್ತದೆ. ನಮಗೆ ಆಗ ಬೀಳುವುದು ಮಳೆ ಮಾತ್ರ. ಕರಾವಳಿಯವರ ಉಲ್ಕಾವೃಷ್ಟಿ ಎಂದರೆ ಜೆಮಿನಿಡ್, ಡಿಸೆಂಬರ್ 13 ಮತ್ತು 14ರ ರಾತ್ರಿಗಳದ್ದು. ಬೇರೆ ಉಲ್ಕೆಗಳು ಬಹುಮಟ್ಟಿಗೆ ಧೂಮಕೇತುಗಳು ಚೆಲ್ಲಿದ ಧೂಳಿನಿಂದ ಬಂದರೆ ಇವು ಫೇಥಾನ್ ಎಂಬ ಕ್ಷುದ್ರಗ್ರಹದ ಚೂರುಗಳು. ಮಿಥುನ ರಾಶಿಯ ದಿಕ್ಕಿನಿಂದ ಹೊರಟಂತೆ ಕಾಣುವ ಇವು ರಾತ್ರಿ ಒಂಬತ್ತರ ನಂತರವೇ ಶುರುವಾಗುತ್ತವೆ, ನಸುಕಿನ ಎರಡರ ಸುಮಾರಿಗೆ ಮಿಥುನ ನೆತ್ತಿಯ ಹತ್ತಿರ ಬಂದಾಗ ಅತಿ ಹೆಚ್ಚು ಕಾಣುತ್ತವೆ. ಚಾಪೆ ಹಾಸಿ ಮಲಗಿದರೆ ಆಯಿತು, ಯಾವ ಉಪಕರಣವೂ ಬೇಕಿಲ್ಲ.

ಯಾವ ರಾತ್ರಿ ಹೊರಡಬೇಕು ಎಂಬುದಕ್ಕೆ ಉತ್ತರ ಮನೆಯ ಗೋಡೆಯ ಮೇಲಿನ ಪಂಚಾಂಗದಲ್ಲೇ ಇದೆ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದಾಗಲೆಲ್ಲ ಒಂದು ತಿಥಿ ಕಳೆಯುತ್ತದೆ. ಆದ್ದರಿಂದ ತಿಥಿ ತಿಳಿದರೆ ಚಂದ್ರ ಎಲ್ಲಿದ್ದಾನೆ, ಯಾವಾಗ ಹುಟ್ಟುತ್ತಾನೆ, ಯಾವಾಗ ಮುಳುಗುತ್ತಾನೆ ಎಂಬುದೆಲ್ಲ ತಿಳಿದಂತೆ. ಉಡುಪಿಯವರಿಗೆ ಇದಕ್ಕೆ ಉದಾಹರಣೆ ಕೊಡಬೇಕಿಲ್ಲ: ಶ್ರೀಕೃಷ್ಣ ಮಠದಲ್ಲಿ ಅಷ್ಟಮಿಯ ದಿನ ಅರ್ಘ್ಯ ಪ್ರದಾನ ನಡೆಯುವುದು ನಡುರಾತ್ರಿಯ ಚಂದ್ರೋದಯಕ್ಕೆ. ಕೃಷ್ಣಪಕ್ಷದ ಅಷ್ಟಮಿಯಂದು ಚಂದ್ರ ಸೂರ್ಯನಿಂದ ಕಾಲು ಸುತ್ತು ಹಿಂದಿರುತ್ತಾನೆ, ಅದಕ್ಕೇ ಯಾವ ತಿಂಗಳಾದರೂ ಆ ತಿಥಿಯಲ್ಲಿ ನಡುರಾತ್ರಿಯ ಸುಮಾರಿಗೆ ಹುಟ್ಟುತ್ತಾನೆ. ಹಾಗಾಗಿ ಮಂದ ನಕ್ಷತ್ರಗಳನ್ನೂ ನೀಹಾರಿಕೆಗಳನ್ನೂ ನೋಡಬೇಕಾದವರಿಗೆ ಬಹುಳ ಅಷ್ಟಮಿಯಿಂದ ಅಮಾವಾಸ್ಯೆ ಕಳೆದು ಮೂರ್ನಾಲ್ಕು ದಿನದವರೆಗಿನ ಸಂಜೆಗಳು ಹೇಳಿ ಮಾಡಿಸಿದ ಕಾಲ. ಚಂದ್ರನನ್ನೇ ನೋಡುವವರಿಗೆ ಶುಕ್ಲ ಪಂಚಮಿಯಿಂದ ದಶಮಿಯವರೆಗೆ. ಬೆಳಕು ಕತ್ತಲೆಗಳ ಗಡಿಯಲ್ಲಿ ಕುಳಿಗಳ ಅಂಚು ಉದ್ದನೆಯ ನೆರಳು ಚೆಲ್ಲುತ್ತದೆ, ಆ ನೆರಳಿನಿಂದಲೇ ಬೆಟ್ಟ ಬೆಟ್ಟವಾಗಿ, ಹಳ್ಳ ಹಳ್ಳವಾಗಿ ಕಾಣುತ್ತದೆ. ಹುಣ್ಣಿಮೆಯಂದು ನೆರಳೇ ಇಲ್ಲದ ಕಾರಣ ಎಲ್ಲವೂ ಚಪ್ಪಟೆ.

ಹೊಸಬರನ್ನು ಹೆಚ್ಚು ಗೊಂದಲಗೊಳಿಸುವುದು ತಿಂಗಳಿಂದ ತಿಂಗಳಿಗೆ ಆಕಾಶ ಬದಲಾಗುವ ರೀತಿ. ನಮ್ಮ ಕೃಷಿಕರು ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಕರೆಯುತ್ತಾರೆ: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಖಾ. ಜೂನ್ ಮೂರನೆಯ ವಾರ ಕಳೆಯುತ್ತಿದ್ದಂತೆ ಆರಿದ್ರಾ ಮಳೆ ಹಿಡಿಯುತ್ತದೆ. ಆಗ ಸೂರ್ಯ ಆರಿದ್ರಾ ನಕ್ಷತ್ರದ ದಿಕ್ಕಿನಲ್ಲಿರುತ್ತಾನೆ. ಅಂದರೆ ಆ ನಕ್ಷತ್ರ ಸೂರ್ಯನ ಜೊತೆಯಲ್ಲೇ ಹುಟ್ಟಿ ಜೊತೆಯಲ್ಲೇ ಮುಳುಗುತ್ತದೆ, ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಭೂಮಿ ಸೂರ್ಯನ ಸುತ್ತ ಸಾಗಿದಂತೆ ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು ನಾಲ್ಕು ನಿಮಿಷ ಮೊದಲು ಹುಟ್ಟುತ್ತದೆ. ತಿಂಗಳಿಗೆ ಎರಡು ಗಂಟೆ, ಆರು ತಿಂಗಳಿಗೆ ಹನ್ನೆರಡು ಗಂಟೆ. ಹೀಗೆ ಜೂನ್‌ನಲ್ಲಿ ಸೂರ್ಯನೊಂದಿಗೆ ಹುಟ್ಟಿದ ಆರಿದ್ರಾ ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವಾಗ ಹುಟ್ಟಿ ರಾತ್ರಿಯಿಡೀ ಕಾಣುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಯಾವ ನಕ್ಷತ್ರವನ್ನು ಯಾವ ತಿಂಗಳು ಹುಡುಕಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ: ಅದರ ಹೆಸರಿನ ಮಳೆ ಬರುವ ಕಾಲಕ್ಕೆ ಆರು ತಿಂಗಳು ಸೇರಿಸಿ.

ಜನವರಿಯ ಕೊನೆಯ ವಾರ, ರಾತ್ರಿ ಒಂಬತ್ತರ ಹೊತ್ತಿಗೆ ಹೊರಗೆ ಬನ್ನಿ. ದಕ್ಷಿಣಕ್ಕೆ ಮುಖಮಾಡಿ ತಲೆ ಮೇಲೆತ್ತಿದರೆ ನೆತ್ತಿಗೆ ಸ್ವಲ್ಪ ಕೆಳಗೆ ಮೂರು ನಕ್ಷತ್ರಗಳು ಒಂದೇ ಗೆರೆಯಲ್ಲಿ ಕಾಣುತ್ತವೆ. ಅದು ಬೇಟೆಗಾರನ ರೂಪದ ಮಹಾವ್ಯಾಧ (ಒರಾಯನ್) ಪುಂಜದ ನಡುಪಟ್ಟಿ. ಅದರ ಸುತ್ತ ದೊಡ್ಡ ಆಯತದ ನಾಲ್ಕು ಮೂಲೆಗಳಂತೆ ನಾಲ್ಕು ನಕ್ಷತ್ರಗಳು. ಮೇಲಿನ ಎಡಮೂಲೆಯ ಕೆಂಪು ಛಾಯೆಯದೇ ಆರಿದ್ರಾ, ಕೆಳಗಿನ ಬಲಮೂಲೆಯ ನೀಲಿಬಿಳುಪಿನದು ರೈಗೆಲ್. ಎರಡನ್ನೂ ಒಂದಾದ ಮೇಲೊಂದು ನೋಡಿದರೆ ನಕ್ಷತ್ರಗಳಿಗೆ ಬಣ್ಣವಿದೆ ಎಂಬುದು ಬರಿಗಣ್ಣಿಗೇ ಗೊತ್ತಾಗುತ್ತದೆ. ಬಣ್ಣವೆಂದರೆ ಉಷ್ಣತೆ: ಕೆಂಪಗಿರುವುದು ತಂಪು, ನೀಲಿಯದು ಬಿಸಿ. ನಡುಪಟ್ಟಿಯ ಗೆರೆಯನ್ನು ಎಡಕ್ಕೆ ಕೆಳಮುಖವಾಗಿ ಎಳೆದರೆ ಲುಬ್ಧಕ ಸಿಗುತ್ತದೆ, ಇಡೀ ರಾತ್ರಿಯಾಕಾಶದ ಅತಿ ಪ್ರಕಾಶಮಾನ ನಕ್ಷತ್ರ. ಅದೇ ಗೆರೆಯನ್ನು ಬಲಕ್ಕೆ ಒಯ್ದರೆ ರೋಹಿಣಿ, ಇನ್ನೂ ಮುಂದೆ ಹೋದರೆ ಕೃತ್ತಿಕೆಯ ಪುಟ್ಟ ಗೊಂಚಲು. ಲುಬ್ಧಕನಿಂದ ದಕ್ಷಿಣ ದಿಗಂತದ ಕಡೆಗೆ ಇಳಿದರೆ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ. ಮೊದಲ ರಾತ್ರಿಗೆ ಇಷ್ಟು ಧಾರಾಳ.

ಆರಿದ್ರಾದ ಬಳಿ ಇನ್ನೊಂದು ಕ್ಷಣ ನಿಲ್ಲಬೇಕು. 2019ರ ಕೊನೆಯಲ್ಲಿ ಈ ನಕ್ಷತ್ರ ಮಂಕಾಗತೊಡಗಿ, 2020ರ ಫೆಬ್ರವರಿಗೆ ಪಕ್ಕದ ಮೇಲಿನ ಬಲಮೂಲೆಯ ಬೆಲ್ಲಾಟ್ರಿಕ್ಸ್‌ನಷ್ಟು ಮಂದವಾಯಿತು. ಸಾಮಾನ್ಯವಾಗಿ ಅದು ಬೆಲ್ಲಾಟ್ರಿಕ್ಸ್‌ಗಿಂತ ಸ್ಪಷ್ಟವಾಗಿ ಹೆಚ್ಚು ಪ್ರಕಾಶಮಾನ. ನಕ್ಷತ್ರ ತಾನೇ ಉಗುಳಿದ ಅನಿಲ ತಂಪಾಗಿ ಧೂಳಾಗಿ ಬೆಳಕಿಗೆ ಅಡ್ಡ ನಿಂತಿತು ಎಂದು ಆಮೇಲೆ ತಿಳಿಯಿತು. ಈ ಬದಲಾವಣೆಯನ್ನು ಬರಿಗಣ್ಣಿನಿಂದ, ಅಕ್ಕಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ, ಯಾರು ಬೇಕಾದರೂ ಗುರುತಿಸಬಹುದಿತ್ತು. ಹೀಗೆ ಬೆಳಕು ಬದಲಾಗುವ ನಕ್ಷತ್ರಗಳನ್ನು ಹವ್ಯಾಸಿಗಳು ಗಮನಿಸಿ ಬರೆದದ್ದನ್ನು ಅಮೆರಿಕದಲ್ಲಿ 1911ರಲ್ಲಿ ಹುಟ್ಟಿದ ಸಂಘವೊಂದು ಇಂದಿಗೂ ಜಗತ್ತಿನ ಎಲ್ಲೆಡೆಯಿಂದ ಸಂಗ್ರಹಿಸುತ್ತದೆ, ಖಗೋಳ ವಿಜ್ಞಾನಿಗಳು ಅದನ್ನು ಬಳಸುತ್ತಾರೆ. ಹವ್ಯಾಸಿಯ ಟಿಪ್ಪಣಿಗೆ ವಿಜ್ಞಾನದಲ್ಲಿ ನಿಜವಾದ ಬೆಲೆ ಇರುವ ಕ್ಷೇತ್ರಗಳು ಕಡಿಮೆ, ಇದು ಅವುಗಳಲ್ಲೊಂದು. ಅದಕ್ಕೇ ದಿನಾಂಕ, ಸಮಯ, ಸ್ಥಳ, ಆಕಾಶದ ಸ್ಥಿತಿ, ಕಂಡದ್ದು, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಮೊದಲ ದಿನದಿಂದಲೇ ಬರೆಯಲು ಶುರುಮಾಡಿ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಮ್ಮೆ ಮೊಬೈಲ್ ಪರದೆ ನೋಡಿದರೆ ಅಷ್ಟೂ ವ್ಯರ್ಥ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದರೆ ಕಣ್ಣಿಗೆ ತೊಂದರೆಯಾಗದೆ ನಕ್ಷೆ ನೋಡಬಹುದು. ಸ್ಟೆಲ್ಲೇರಿಯಮ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಊರನ್ನು ನಮೂದಿಸಿದರೆ ಆ ರಾತ್ರಿಯ ಆಕಾಶ ಹಾಗೆಯೇ ಕಾಣುತ್ತದೆ. ಆದರೆ ಅದನ್ನು ಮನೆಯಲ್ಲೇ ನೋಡಿಕೊಂಡು ಹೊರಗೆ ಬರುವುದು ಲೇಸು.

ಒಂದು ಚಳಿಗಾಲ ಬರಿಗಣ್ಣಿನಲ್ಲಿ ಕಳೆದ ಮೇಲೆ ಬೈನಾಕ್ಯುಲರ್ ಕೊಳ್ಳಿ. 7×50 ಅಥವಾ 10×50 ಎಂದು ಬರೆದದ್ದನ್ನು ಆರಿಸಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ ಮಿಲಿಮೀಟರಿನಲ್ಲಿ. ಎರಡನೆಯದೇ ಮುಖ್ಯ. ಆಟಿ ತಿಂಗಳ ಮಳೆಯಲ್ಲಿ ಅಂಗಳದಲ್ಲಿ ಚೆಂಬನ್ನೂ ಹಂಡೆಯನ್ನೂ ಒಟ್ಟಿಗೆ ಇಟ್ಟರೆ ಬಾಯಿ ಅಗಲವಾದದ್ದಕ್ಕೇ ಹೆಚ್ಚು ನೀರು ಬೀಳುತ್ತದೆ, ಬೆಳಕಿನ ವಿಷಯವೂ ಹಾಗೆಯೇ. ಕತ್ತಲೆಗೆ ಒಗ್ಗಿದ ಎಳೆಯರ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅರಳುತ್ತದೆ. 50 ಮಿಲಿಮೀಟರಿನ ಮಸೂರ ಅದಕ್ಕಿಂತ ಸುಮಾರು ಐವತ್ತು ಪಟ್ಟು ಬೆಳಕನ್ನು ಹಿಡಿಯುತ್ತದೆ. ಬರಿಗಣ್ಣಿಗೆ ಆರೇಳು ನಕ್ಷತ್ರಗಳಾಗಿ ಕಾಣುವ ಕೃತ್ತಿಕೆ ಬೈನಾಕ್ಯುಲರಿನಲ್ಲಿ ಹತ್ತಾರು ನಕ್ಷತ್ರಗಳ ಗೊಂಚಲಾಗುತ್ತದೆ. ಮಹಾವ್ಯಾಧನ ನಡುಪಟ್ಟಿಯ ಕೆಳಗೆ, ಖಡ್ಗದ ನಡುವೆ, ಮಂಜಿನ ತುಣುಕಿನಂತೆ ಕಾಣುವುದು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ನೀಹಾರಿಕೆ. ಗುರುಗ್ರಹದ ಇಕ್ಕೆಲಗಳಲ್ಲಿ ಒಂದೇ ಗೆರೆಯಲ್ಲಿ ಕಾಣುವ ಚುಕ್ಕೆಗಳು 1610ರ ಜನವರಿಯಲ್ಲಿ ಗೆಲಿಲಿಯೊ ಕಂಡ ಅದೇ ನಾಲ್ಕು ಚಂದ್ರರು. ಮರುದಿನ ನೋಡಿದರೆ ಅವು ಜಾಗ ಬದಲಿಸಿರುತ್ತವೆ. ಕೈ ನಡುಗದಂತೆ ಬೈನಾಕ್ಯುಲರನ್ನು ತಾರಸಿಯ ಕಟ್ಟೆಗೋ ಕಿಟಕಿಯ ಚೌಕಟ್ಟಿಗೋ ಆನಿಸಿ ಹಿಡಿಯಬೇಕು.

ಮೇ ತಿಂಗಳಲ್ಲಿ ಇದೇ ಬೈನಾಕ್ಯುಲರನ್ನು ತ್ರಿಶಂಕುವಿನಿಂದ ಮೇಲಕ್ಕೆ, ಕಿನ್ನರ ಪುಂಜದೊಳಕ್ಕೆ ಸರಿಸಿದರೆ ಒಮೆಗಾ ಸೆಂಟಾರಿ ಸಿಗುತ್ತದೆ. ಲಕ್ಷಾಂತರ ನಕ್ಷತ್ರಗಳು ಚೆಂಡಿನಂತೆ ಒತ್ತಾಗಿ ಸೇರಿದ ಗುಚ್ಛ ಅದು, ನಮ್ಮ ಆಕಾಶಗಂಗೆಯ ಇಂಥ ಗುಚ್ಛಗಳಲ್ಲೆಲ್ಲ ಅತಿ ದೊಡ್ಡದು. ನಮ್ಮಲ್ಲಿ ಅದು 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ಇಡೀ ಕರಾವಳಿಯ ಆಕಾಶದಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಆರಿಸುವುದು ಇದನ್ನು.

ದೂರದರ್ಶಕ ಇದಾದ ಮೇಲೆ. ಅಂಗಡಿಯಲ್ಲಿ 500 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದ ಸಣ್ಣ ದೂರದರ್ಶಕಗಳಿಂದ ದೂರವಿರಿ. ಹಿಗ್ಗಿಸುವಿಕೆ ಎಂದರೆ ದೂರದರ್ಶಕದ ಸಂಗಮದೂರವನ್ನು (ಕನ್ನಡಿ ಅಥವಾ ಮಸೂರದಿಂದ ಬೆಳಕು ಒಂದೆಡೆ ಕೂಡುವ ಜಾಗದವರೆಗಿನ ದೂರ) ಕಣ್ಣಿಡುವ ಕಡೆಯ ಮಸೂರವಾದ ಐಪೀಸಿನ ಸಂಗಮದೂರದಿಂದ ಭಾಗಿಸಿದ ಅಂಕಿ, ಅಷ್ಟೇ. 1200 ಮಿಲಿಮೀಟರ್ ಸಂಗಮದೂರದ ದೂರದರ್ಶಕಕ್ಕೆ 25 ಮಿಲಿಮೀಟರಿನ ಐಪೀಸ್ ಹಾಕಿದರೆ 48 ಪಟ್ಟು, 10 ಮಿಲಿಮೀಟರಿನದು ಹಾಕಿದರೆ 120 ಪಟ್ಟು. ಆದರೆ ಬೆಳಕು ಸಾಲದೆ ಹಿಗ್ಗಿಸಿದರೆ ಕಾಣುವುದು ದೊಡ್ಡ ಮಸುಕು. ಕನ್ನಡಿ ಅಥವಾ ಮಸೂರ ಎಷ್ಟು ಮಿಲಿಮೀಟರ್ ಅಗಲವಿದೆಯೋ ಅದರ ಎರಡು ಪಟ್ಟೇ ಉಪಯುಕ್ತ ಹಿಗ್ಗಿಸುವಿಕೆಯ ಮಿತಿ. 60 ಮಿಲಿಮೀಟರ್ ಅಗಲದ ದೂರದರ್ಶಕ 120 ಪಟ್ಟಿಗಿಂತ ಆಚೆ ಹೋಗಲಾರದು, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ. ಹೊಸಬರಿಗೆ ನನ್ನ ಸಲಹೆ ಆರು ಇಂಚು ಕನ್ನಡಿಯ ಡಾಬ್ಸೋನಿಯನ್. ಮರದ ಪೀಠದ ಮೇಲೆ ಕೂರಿಸಿದ ಸರಳ ದೂರದರ್ಶಕ ಅದು, ಕೈಯಿಂದ ತಳ್ಳಿ ಬೇಕಾದ ಕಡೆ ತಿರುಗಿಸಬಹುದು. ಕೊಟ್ಟ ಹಣದ ಬಹುಪಾಲು ಕನ್ನಡಿಗೆ ಹೋಗಿರುತ್ತದೆ, ಗಡಗಡಿಸುವ ಮೂರು ಕಾಲಿನ ಸ್ಟ್ಯಾಂಡಿಗಲ್ಲ. ಶನಿಯ ಉಂಗುರ ಕಾಣಲು ಇಪ್ಪತ್ತೈದು ಮೂವತ್ತು ಪಟ್ಟು ಸಾಕು. 2025ರ ಮಾರ್ಚ್‌ನಲ್ಲಿ ಆ ಉಂಗುರಗಳ ಅಂಚು ನೇರ ನಮ್ಮತ್ತ ತಿರುಗಿ ಅವು ಗೆರೆಯಷ್ಟೂ ಕಾಣದಂತಾಗಿದ್ದವು. ಅಲ್ಲಿಂದೀಚೆಗೆ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿವೆ.

ಕರಾವಳಿಯಲ್ಲಿ ಮಸೂರಗಳಿಗೆ ಇರುವ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಬಟ್ಟೆಗೂ ಪುಸ್ತಕಕ್ಕೂ ಹಿಡಿಯುವ ಬೂಷ್ಟು ಗಾಜಿಗೂ ಹಿಡಿಯುತ್ತದೆ, ಬಲೆಯ ಎಳೆಗಳಂತೆ ಹಬ್ಬಿ ಮೇಲಿನ ಲೇಪವನ್ನೇ ಕೊರೆಯುತ್ತದೆ. ಚರ್ಮದ ಚೀಲದಲ್ಲೋ ಕಪಾಟಿನಲ್ಲೋ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಆಗಾಗ ಆ ಪೊಟ್ಟಣಗಳನ್ನು ಒಣಗಿಸಬೇಕು. ಕಡಲ ತೀರಕ್ಕೆ ಒಯ್ದರೆ ಉಪ್ಪು ಗಾಳಿ ಕನ್ನಡಿಯ ಮೇಲೆ ಕೂರುತ್ತದೆ, ಹೆಚ್ಚು ಹೊತ್ತು ತೆರೆದಿಡುವುದು ಒಳ್ಳೆಯದಲ್ಲ. ಚಳಿಗಾಲದ ಇಬ್ಬನಿಗೆ ಮಸೂರದ ಮುಂದೆ ಕಪ್ಪು ರಟ್ಟಿನ ಕೊಳವೆ ಸುತ್ತಿದರೆ ಸಾಕಷ್ಟು ತಡೆಯುತ್ತದೆ.

ಎಲ್ಲಿಂದ ನೋಡುವುದು? ಚಂದ್ರ, ಗ್ರಹಗಳಿಗೆ ಮಂಗಳೂರಿನ ನಡುವಿನ ತಾರಸಿಯಾದರೂ ಆದೀತು. ಸಂಜೆಯ ಬುಧ, ಶುಕ್ರ, ಬಿದಿಗೆಯ ಚಂದ್ರನಿಗೆ ಮಲ್ಪೆಯಂಥ ಕಡಲ ತೀರಕ್ಕೆ ಸಾಟಿಯಿಲ್ಲ, ಪಶ್ಚಿಮದಲ್ಲಿ ನೀರಿನವರೆಗೂ ಅಡೆತಡೆ ಇರುವುದಿಲ್ಲ. ಆಕಾಶಗಂಗೆಯ ಬಿಳಿ ಪಟ್ಟಿ ಕಾಣಬೇಕಾದರೆ ನಗರದ ಬೆಳಕನ್ನು ಹಿಂದೆ ಬಿಟ್ಟು ಬೆಳ್ತಂಗಡಿ, ಕಾರ್ಕಳದ ಆಚೆ ಘಟ್ಟದ ಬುಡಕ್ಕೆ ಹೋಗಬೇಕು. ಕೊಯ್ಲು ಮುಗಿದ ಬಯಲು ಗದ್ದೆ ಅಡಿಕೆ ತೋಟದ ನಡುವಿನ ಅಂಗಳಕ್ಕಿಂತ ಮೇಲು. ಜೊತೆಗಾರರು ಬೇಕಿದ್ದರೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವಿದೆ. ಪಿಲಿಕುಳದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ಮಕ್ಕಳಿಗೆ ಮೊದಲ ಪರಿಚಯ ಮಾಡಿಸಲು ಒಳ್ಳೆಯ ಜಾಗ. ಕೊಳ್ಳುವ ಮೊದಲು ಇನ್ನೊಬ್ಬರ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವುದಕ್ಕಿಂತ ದೊಡ್ಡ ಸಲಹೆ ಇಲ್ಲ.

ಸೂರ್ಯನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲಿ ಕಂಕಣ ಸೂರ್ಯಗ್ರಹಣ ಕಂಡಿತು. ಎಕ್ಸ್‌ರೇ ಫಿಲ್ಮು, ಕಪ್ಪು ಕನ್ನಡಕ, ಮಸಿ ಹಿಡಿದ ಗಾಜು ಯಾವುದೂ ಕಣ್ಣನ್ನು ಕಾಪಾಡುವುದಿಲ್ಲ. ಸೂರ್ಯವೀಕ್ಷಣೆಗೆಂದೇ ಮಾಡಿದ ಕನ್ನಡಕ ಬೇಕು. ದೂರದರ್ಶಕಕ್ಕಾದರೆ ಸೌರ ಫಿಲ್ಟರನ್ನು ಮುಂಭಾಗದಲ್ಲೇ, ಬೆಳಕು ಒಳಬರುವ ಕಡೆಯೇ ಕಟ್ಟಬೇಕು. ಅದಿಲ್ಲದೆ ಒಂದು ಕ್ಷಣ ನೋಡಿದರೂ ದೃಷ್ಟಿ ಹೋಗುತ್ತದೆ.

ಸೂರ್ಯನನ್ನು ನೋಡದೆಯೇ ಸೂರ್ಯನಿಂದ ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಒಂದು ಮೀಟರಿನ ನೇರ ಕೋಲು ಸಾಕು. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಮಂಗಳೂರಿನ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ಒಂದೆರಡು ದಿನದಲ್ಲಿ ಉಡುಪಿಯ ನೆತ್ತಿಗೆ. ಆಗಸ್ಟ್‌ನಲ್ಲಿ ಹಿಂತಿರುಗುವಾಗ ಮತ್ತೊಮ್ಮೆ ಬಂದರೂ ಮೋಡ ಬಿಡುವುದು ಅಪರೂಪ. ಆ ದಿನ ನಡುಹಗಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ ಒಂದೆರಡು ನಿಮಿಷ ಮೊದಲು: ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವು ಅದಕ್ಕಿಂತ ಏಳೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದ್ದೇವೆ. ಅದೇ ದಿನ ಕಾರವಾರದಲ್ಲಿ ಸ್ನೇಹಿತರೊಬ್ಬರು ಅಷ್ಟೇ ಉದ್ದದ ಕೋಲು ನಿಲ್ಲಿಸಿ ಅಲ್ಲಿನ ನಡುಹಗಲಿಗೆ ಅಳೆದರೆ ಉತ್ತರಕ್ಕೆ ಬಿದ್ದ ಸುಮಾರು 3.3 ಸೆಂಟಿಮೀಟರಿನ ನೆರಳು ಸಿಗುತ್ತದೆ. ನೆರಳಿನ ಅಂಚು ಮಸುಕಾಗಿರುವುದರಿಂದ ಮಸುಕಿನ ನಡುವನ್ನೇ ಗುರುತು ಹಾಕಬೇಕು. ಆ ನೆರಳಿಗೆ ಹೊಂದುವ ಕೋನ 1.9 ಡಿಗ್ರಿ, ಭೂಮಿ ಗುಂಡಗಿರುವುದರಿಂದ ಎರಡು ಊರುಗಳ ಅಕ್ಷಾಂಶಗಳ ನಡುವಿನ ಅಂತರವೂ ಅಷ್ಟೇ. ಇಡೀ ವೃತ್ತದ 360 ಡಿಗ್ರಿಯಲ್ಲಿ ಇಂಥ 189 ತುಂಡುಗಳು. ಮಂಗಳೂರಿನಿಂದ ಕಾರವಾರಕ್ಕೆ ನೇರ ಉತ್ತರ ದಕ್ಷಿಣವಾಗಿ ನಕ್ಷೆಯಲ್ಲಿ ಅಳೆದರೆ ಸುಮಾರು 210 ಕಿಲೋಮೀಟರ್. ಎರಡನ್ನೂ ಗುಣಿಸಿ ನೋಡಿ: ಭೂಮಿಯ ಸುತ್ತಳತೆಯಾದ 40,000 ಕಿಲೋಮೀಟರಿಗೆ ಕೂದಲೆಳೆಯಷ್ಟು ಹತ್ತಿರ ಬಂದಿರುತ್ತೀರಿ.